ಮೂರು ಸಲವೂ ಗೆದ್ದಿದ್ದು ಹಾವೇ

ಬಾಕ್ಸಿಂಗ್ ಪ್ರಾಕ್ಟೀಸ್ ಮುಗಿದು ಕೈಗೆ ಸುತ್ತಿದ ಪಟ್ಟಿ ಬಿಚ್ಚುವಾಗ ನಮ್ಮ ಹುಡುಗರ ವಾದ ಶುರುವಾಗುತ್ತೆ. ಲೈಟ್ ಹೆವಿವೇಟ್‌ನಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಸರ್? ಉತ್ತರ ಅವರ ಮೊಬೈಲ್‌ನಲ್ಲೇ ಇರುತ್ತೆ. ರಾಯ್ ಜೋನ್ಸ್. ಇತ್ತೀಚೆಗೆ ಒಬ್ಬಿಬ್ಬರು ಬಿವೊಲ್ ಅಂತಲೂ ಹೇಳುತ್ತಾರೆ. ನಾನು ಎಜರ್ಡ್ ಚಾರ್ಲ್ಸ್ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವನು ಯಾವ ವರ್ಷ ಚಾಂಪಿಯನ್ ಆಗಿದ್ದ ಅಂತ ಕೇಳುತ್ತಾರೆ. ಈ ತೂಕದಲ್ಲಿ ಅವನು ಯಾವತ್ತೂ ಚಾಂಪಿಯನ್ ಆಗಲಿಲ್ಲ. ಅವನಿಗೆ ಆ ಪಂದ್ಯವನ್ನೇ ಯಾರೂ ಕೊಡಲಿಲ್ಲ. ಆದರೂ ನನ್ನ ಉತ್ತರ ಅವನೇ.

ಯಾಕೆ ಅಂತ ಹೇಳುವ ಮೊದಲು ಒಂದು ಮಾತು. ಈ ತೂಕದ ಮಿತಿ 175 ಪೌಂಡ್, ಅಂದರೆ 79 ಕೆಜಿ ಚಿಲ್ಲರೆ. ಮಿತಿ ಅಂದಿಗೂ ಇಂದಿಗೂ ಅದೇ, ಆದರೆ ಅದರೊಳಗಿನ ಮನುಷ್ಯ ಬೇರೆ. ಹಿಂದೆ ಪಂದ್ಯದ ದಿನವೇ ತೂಕ ಹಾಕುತ್ತಿದ್ದರು. ಈಗ ಹಿಂದಿನ ದಿನ ಹಾಕುತ್ತಾರೆ, ಆಮೇಲೆ ನೀರು ಕುಡಿದು ಊಟ ಮಾಡಿ ಕೆಲವು ಕೆಜಿ ಜಾಸ್ತಿಯಾಗಿಯೇ ರಿಂಗ್‌ಗೆ ಬರುತ್ತಾರೆ. ಹಿಂದೆ ಚಾಂಪಿಯನ್‌ಷಿಪ್ ಅಂದರೆ 15 ರೌಂಡ್, ಈಗ 12. ಹಿಂದಿನವರು ಇನ್ನೂರು ಪಂದ್ಯ ಆಡಿದ್ದೂ ಇದೆ, ಈಗಿನವರು ಮೂವತ್ತು ಪಂದ್ಯಕ್ಕೆ ನಿವೃತ್ತಿ ಆಗುತ್ತಾರೆ. ಆಂಡ್ರೆ ವಾರ್ಡ್ 32 ಆಡಿ 32 ಗೆದ್ದು ಹೊರಟುಹೋದ. ಚಾರ್ಲ್ಸ್ ಕಾಲದ ಆರ್ಚಿ ಮೂರ್‌ಗೆ ಅದು ಒಂದೆರಡು ವರ್ಷದ ಕೆಲಸ. ಹಾಗಾಗಿ ಇಬ್ಬರ ದಾಖಲೆ ಪಕ್ಕಪಕ್ಕ ಇಟ್ಟು ಸೋಲು ಎಣಿಸೋದು ಸರಿಯಾದ ಲೆಕ್ಕ ಅಲ್ಲ.

ನಾನು ನೋಡೋದೇ ಬೇರೆ. ಯಾರನ್ನ ಸೋಲಿಸಿದ? ಸೋಲಿಸಿದಾಗ ಅವರಿಗೆ ವಯಸ್ಸೆಷ್ಟು? ಮುಖ್ಯವಾಗಿ, ಸೋತವನು ಆಮೇಲೆ ಏನು ಮಾಡಿದ? ಈ ಕೊನೆಯ ಪ್ರಶ್ನೆ ತುಂಬಾ ಜನ ಕೇಳೋದೇ ಇಲ್ಲ. ಮುಗಿದುಹೋದ ಹೆಸರನ್ನ ಸೋಲಿಸೋದು ಸುಲಭ. ಮುಂದೆ ದೊಡ್ಡವನಾಗಲಿರುವವನನ್ನ, ಅವನ ಮೈಯಲ್ಲಿ ಕಸುವು ಇರುವಾಗಲೇ ಸೋಲಿಸೋದು ಕಷ್ಟ.

ಈಗ ಚಾರ್ಲ್ಸ್ ಮತ್ತು ಮೂರ್ ಕಥೆಗೆ ಬರೋಣ. ಚಾರ್ಲ್ಸ್‌ಗೆ ಇದ್ದ ಹೆಸರು ಸಿನ್ಸಿನಾಟಿಯ ನಾಗರಹಾವು. ಮೂರ್‌ನನ್ನ ಆಮೇಲಾಮೇಲೆ ಮುದಿ ಮುಂಗುಸಿ ಅಂತ ಕರೆದರು. ಹಾವು ಮುಂಗುಸಿ ಅಂದರೆ ಗೆಲ್ಲೋದು ಮುಂಗುಸಿ ಅಂತ ನಮಗೆಲ್ಲ ಗೊತ್ತು, ಅಲ್ವಾ? ಇಲ್ಲಿ ಮೂರು ಸಲವೂ ಹಾವೇ ಗೆದ್ದಿತು. 1946ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 10 ರೌಂಡ್ ಪಾಯಿಂಟ್ಸ್ ಮೇಲೆ, 1947ರಲ್ಲಿ ಸಿನ್ಸಿನಾಟಿಯಲ್ಲಿ 10 ರೌಂಡ್ ಪೈಪೋಟಿಯ ನಂತರ, 1948ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ 8ನೇ ರೌಂಡಿನ ನಾಕೌಟ್. ಸೋತ ಮೂರ್ ಆಮೇಲೆ ಏನು ಮಾಡಿದ ಅಂತ ನೋಡಿ. ಸುಮಾರು ಐದು ವರ್ಷದ ನಂತರ, 1952ರ ಡಿಸೆಂಬರ್‌ನಲ್ಲಿ ಜೋಯಿ ಮ್ಯಾಕ್ಸಿಮ್‌ನನ್ನ ಸೋಲಿಸಿ ವಿಶ್ವ ಚಾಂಪಿಯನ್ ಆದ. ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ರಿಂಗ್‌ನಲ್ಲಿ ಯಾರೂ ಆ ಪಟ್ಟವನ್ನ ಅವನಿಂದ ಕಿತ್ತುಕೊಳ್ಳಲಾಗಲಿಲ್ಲ. ಆ ಮೂರ್‌ನನ್ನ ಮೂರಕ್ಕೆ ಮೂರು ಗೆದ್ದವನು ಚಾರ್ಲ್ಸ್.

ಬರೀ ಮೂರ್ ಅಲ್ಲ. ಆ ಮ್ಯಾಕ್ಸಿಮ್‌ನನ್ನೇ ಚಾರ್ಲ್ಸ್ ಐದು ಸಲ ಸೋಲಿಸಿದ್ದ. ಅದರಲ್ಲಿ ಎರಡು ಸಲ, 1951ರಲ್ಲಿ, ಮ್ಯಾಕ್ಸಿಮ್ ಲೈಟ್ ಹೆವಿವೇಟ್ ಚಾಂಪಿಯನ್ ಆಗಿದ್ದಾಗಲೇ. ಆದರೆ ಆ ಬೆಲ್ಟ್ ಪಣಕ್ಕಿರಲಿಲ್ಲ. ಲಾಯ್ಡ್ ಮಾರ್ಷಲ್ 1943ರಲ್ಲಿ ಚಾರ್ಲ್ಸ್‌ನನ್ನ ಮತ್ತೆ ಮತ್ತೆ ಕೆಡವಿ 8ನೇ ರೌಂಡ್‌ನಲ್ಲಿ ಮುಗಿಸಿದ್ದ. ಸೇನೆಯಿಂದ ವಾಪಸ್ ಬಂದ ಚಾರ್ಲ್ಸ್ ಅದೇ ಮಾರ್ಷಲ್‌ನನ್ನ ಎರಡು ಸಲ ನಾಕೌಟ್ ಮಾಡಿದ, ಎರಡನೇ ಸಲ ಎರಡೇ ರೌಂಡ್‌ನಲ್ಲಿ. ಜಿಮ್ಮಿ ಬಿವಿನ್ಸ್ ವಿಷಯವೂ ಹೀಗೇ. ಮೊದಲು ಸೋತ, ಆಮೇಲೆ ಮತ್ತೆ ಮತ್ತೆ ಗೆದ್ದ. 1946ರ ಆರಂಭದಿಂದ 1951ರ ಜುಲೈ ತನಕ ಚಾರ್ಲ್ಸ್‌ಗೆ ಒಂದೇ ಸೋಲು, ಎಲ್ಮರ್ ರೇ ಎಂಬ ಹೆವಿವೇಟ್ ಎದುರು. ಮರುವರ್ಷ ಅವನನ್ನೂ ನಾಕೌಟ್ ಮಾಡಿದ. ಹುಡುಗರಿಗೆ ನಾನು ಇದನ್ನೇ ಜಾಸ್ತಿ ಹೇಳೋದು. ಸೋತ ಹೊಡೆತವನ್ನ ಅರ್ಥ ಮಾಡಿಕೊಂಡು, ಕಾಲಿನ ಜಾಗ ಬದಲಿಸಿ, ಅದೇ ಮನುಷ್ಯನ ಮುಂದೆ ಮತ್ತೆ ನಿಲ್ಲೋದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ಈ ಆಟದಲ್ಲಿ ನಾನು ಕಂಡಿಲ್ಲ.

ಅಷ್ಟಿದ್ದೂ ಅವಕಾಶ ಯಾಕೆ ಸಿಗಲಿಲ್ಲ? ಆ ಕಾಲದಲ್ಲಿ ಯಾರ ಜೊತೆ ಆಡಬೇಕು ಅಂತ ತೀರ್ಮಾನ ಮಾಡುತ್ತಿದ್ದಿದ್ದು ಚಾಂಪಿಯನ್ ಮತ್ತು ಅವನ ಮ್ಯಾನೇಜರ್. ಪ್ರತಿಭೆ ಇದ್ದ ಕಪ್ಪು ಬಾಕ್ಸರ್‌ಗಳು ವರ್ಷಗಟ್ಟಲೆ ಒಬ್ಬರನ್ನೊಬ್ಬರು ಹೊಡೆದುಕೊಂಡೇ ಹೊಟ್ಟೆ ಹೊರೆಯಬೇಕಿತ್ತು. ಮೂರ್ 1935ರ ಹೊತ್ತಿಗೇ ವೃತ್ತಿಗೆ ಇಳಿದವನು, ಚಾಂಪಿಯನ್‌ಷಿಪ್ ಪಂದ್ಯ ಸಿಗೋಕೆ ಸುಮಾರು 17 ವರ್ಷ ಬೇಕಾಯಿತು. ಅದೂ ಮ್ಯಾಕ್ಸಿಮ್‌ಗೆ 1 ಲಕ್ಷ ಡಾಲರ್ ಖಾತರಿ ಕೊಟ್ಟ ಮೇಲೆ. ಗೆದ್ದ ಮೂರ್ ಕೈಗೆ ಬಂದಿದ್ದು 800 ಡಾಲರ್. ಇದನ್ನ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ಇನ್ನೊಂದು ಘಟನೆ ಹೇಳದೆ ಮುಂದೆ ಹೋಗೋಕಾಗಲ್ಲ. 1948ರ ಫೆಬ್ರವರಿಯಲ್ಲಿ ಷಿಕಾಗೋದಲ್ಲಿ ಚಾರ್ಲ್ಸ್ ಕೈಯಲ್ಲಿ ಏಟು ತಿಂದ ಸ್ಯಾಮ್ ಬರೂಡಿ ತೀರಿಕೊಂಡ. ಮೂರ್‌ನನ್ನ ನಾಕೌಟ್ ಮಾಡಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಆಮೇಲಿನ ಚಾರ್ಲ್ಸ್ ಎಚ್ಚರಿಕೆಯ ಬಾಕ್ಸರ್ ಅಂತ ನೋಡಿದವರು ಬರೆದಿದ್ದಾರೆ. ಅವನು ಹೆವಿವೇಟ್‌ಗೆ ಹೋದ, 1949ರಲ್ಲಿ ಜೆರ್ಸಿ ಜೋ ವಾಲ್ಕಾಟ್‌ನನ್ನ ಸೋಲಿಸಿ ಅಲ್ಲಿ ಚಾಂಪಿಯನ್ ಆದ. ಅವನನ್ನ ಜನ ಹೆವಿವೇಟ್ ಅಂತ ನೆನಪಿಟ್ಟುಕೊಂಡಿದ್ದು ಅದಕ್ಕೇ. ಲೈಟ್ ಹೆವಿವೇಟ್ ದಿನಗಳ ಫಿಲ್ಮ್ ತೀರಾ ಕಡಿಮೆ, ಹಾಗಾಗಿ ಮೊಬೈಲ್‌ನಲ್ಲಿ ಅವನು ಸಿಗೋದೇ ಇಲ್ಲ.

ಈಗ ಅದೇ ಪ್ರಶ್ನೆಯನ್ನ ರಾಯ್ ಜೋನ್ಸ್‌ಗೆ ಹಾಕೋಣ. ಪ್ರತಿಭೆ ಮಾತ್ರ ನೋಡಿದರೆ ಅವನಂಥವನು ಇನ್ನೊಬ್ಬನಿಲ್ಲ, ಅದರಲ್ಲಿ ನನಗೆ ಎರಡು ಮಾತಿಲ್ಲ. 1998ರಲ್ಲಿ ವರ್ಜಿಲ್ ಹಿಲ್‌ನ ಪಕ್ಕೆಗೆ ಕೊಟ್ಟ ಆ ಒಂದು ಬಲಗೈ ಏಟು ನೋಡಿ, ಬಿದ್ದವನು ಏಳಲಾಗದೆ ಒದ್ದಾಡಿದ. ಆದರೆ ಹಿಲ್‌ಗೆ ಆಗ 34, ಅದಕ್ಕೂ ಮುಂಚೆ ಗೆದ್ದ ಮೈಕ್ ಮಕಾಲಮ್‌ಗೆ 39. ಜರ್ಮನಿಯಲ್ಲಿ ಇನ್ನೊಂದು ಬೆಲ್ಟ್ ಇಟ್ಟುಕೊಂಡಿದ್ದ ಡೇರಿಯಸ್ ಮಿಖಾಲ್‌ಚೆವ್ಸ್ಕಿ ಜೊತೆ ಪಂದ್ಯ ನಡೆಯಲೇ ಇಲ್ಲ. ಜೋನ್ಸ್ ಸೋಲಿಸಿದವರಲ್ಲಿ ಆಮೇಲೆ ನಿಜಕ್ಕೂ ದೊಡ್ಡವರಾಗಿ ಬೆಳೆದವನು ಬರ್ನಾರ್ಡ್ ಹಾಪ್ಕಿನ್ಸ್. ಅದು 1993ರಲ್ಲಿ, ಇದಕ್ಕಿಂತ ಕಡಿಮೆ ತೂಕದ ಮಿಡಲ್‌ವೇಟ್‌ನಲ್ಲಿ. ಜೇಮ್ಸ್ ಟೋನಿಯನ್ನ ಸೋಲಿಸಿದ್ದು 1994ರಲ್ಲಿ, ಸೂಪರ್ ಮಿಡಲ್‌ವೇಟ್‌ನಲ್ಲಿ. ಅಂದರೆ ಜೋನ್ಸ್‌ನ ಅತಿ ದೊಡ್ಡ ಗೆಲುವುಗಳು ಈ ತೂಕದವೇ ಅಲ್ಲ.

ಕೋಚ್ ಆಗಿ ನನ್ನ ಇನ್ನೊಂದು ತಕರಾರು ಅವನ ರಕ್ಷಣೆಯ ಬಗ್ಗೆ. ಅದೆಲ್ಲ ಕಣ್ಣು ಮತ್ತು ಚುರುಕಿನ ಮೇಲೆ ನಿಂತಿತ್ತು. ಕೈ ಕೆಳಗೆ, ಗದ್ದ ಮೇಲೆ, ಏಟು ಬರುವ ಕ್ಷಣಕ್ಕೆ ತಲೆ ಅಲ್ಲಿರಲ್ಲ. 2003ರ ಮಾರ್ಚ್‌ನಲ್ಲಿ 193 ಪೌಂಡ್ ತೂಗಿ ಜಾನ್ ರೂಯಿಸ್ ಎಂಬ ಹೆವಿವೇಟ್ ಚಾಂಪಿಯನ್‌ನನ್ನ ಸೋಲಿಸಿದ, ಅದೇ ನವೆಂಬರ್‌ಗೆ ಮತ್ತೆ 175ಕ್ಕೆ ಇಳಿದ. ಆ ಇಳಿಕೆಯಲ್ಲಿ ಏನೋ ಹೋಯಿತು. ತೂಕ ಇಳಿಸುವ ಹುಡುಗರನ್ನ ದಿನಾ ನೋಡುವವನಾಗಿ ಹೇಳುತ್ತೇನೆ, ಮಾಂಸಖಂಡ ಕರಗಿಸಿ ಇಳಿದ ಮೈಗೆ ಮೊದಲಿನ ಚುರುಕು ಇರಲ್ಲ. 2004ರ ಮೇನಲ್ಲಿ ಆಂಟೋನಿಯೊ ಟಾರ್ವರ್ ಎರಡನೇ ರೌಂಡ್‌ನಲ್ಲಿ ಕೆಡವಿದ, ಸೆಪ್ಟೆಂಬರ್‌ನಲ್ಲಿ ಗ್ಲೆನ್ ಜಾನ್ಸನ್ ಒಂಬತ್ತನೆಯದರಲ್ಲಿ. ಆಗ ಜೋನ್ಸ್‌ಗೆ 35. ಮೂರ್ ಆ ವಯಸ್ಸಿನಲ್ಲಿ ಇನ್ನೂ ಚಾಂಪಿಯನ್ನೇ ಆಗಿರಲಿಲ್ಲ! ಅವನು ಎರಡೂ ಮುಂಗೈ ಅಡ್ಡ ಇಟ್ಟು, ಭುಜ ತಿರುಗಿಸಿ, ಸರಿಯಾದ ಜಾಗದಲ್ಲಿ ನಿಂತು ಏಟು ತಪ್ಪಿಸುತ್ತಿದ್ದ. ಆ ವಿದ್ಯೆ ವಯಸ್ಸಿನ ಜೊತೆ ಅಷ್ಟು ಬೇಗ ಹೋಗಲ್ಲ. 1958ರಲ್ಲಿ ಮಾಂಟ್ರಿಯಲ್‌ನಲ್ಲಿ ನಲವತ್ತು ದಾಟಿದ್ದ ಮೂರ್‌ನನ್ನ ಇವಾನ್ ಡ್ಯೂರೆಲ್ ಮೊದಲ ರೌಂಡ್‌ನಲ್ಲೇ ಮೂರು ಸಲ ಕೆಡವಿದ, ಐದನೆಯದರಲ್ಲಿ ಮತ್ತೊಮ್ಮೆ. ಮೂರ್ ಎದ್ದು ನಿಂತು 11ನೇ ರೌಂಡ್‌ನಲ್ಲಿ ಡ್ಯೂರೆಲ್‌ನನ್ನ ಮುಗಿಸಿದ. ನನ್ನ ಪಟ್ಟಿಯಲ್ಲಿ ಎರಡನೇ ಜಾಗ ಅವನಿಗೇ.

ಮೂರನೆಯವನು ಮೈಕೆಲ್ ಸ್ಪಿಂಕ್ಸ್. ಜನ ಅವನನ್ನ 1988ರಲ್ಲಿ ಟೈಸನ್ ಎದುರು 91 ಸೆಕೆಂಡ್‌ನಲ್ಲಿ ಬಿದ್ದವನು ಅಂತ ನೆನಪಿಟ್ಟುಕೊಂಡಿದ್ದಾರೆ, ಅದು ದೊಡ್ಡ ಅನ್ಯಾಯ. ಈ ತೂಕದಲ್ಲಿ ಅವನು ಒಂದೂ ಸೋತಿಲ್ಲ. 1983ರಲ್ಲಿ 15 ರೌಂಡ್ ಆಡಿ ಸೋಲಿಸಿದ ಡ್ವೈಟ್ ಮುಹಮ್ಮದ್ ಕಾವಿ ಎರಡು ವರ್ಷದಲ್ಲಿ ಇದಕ್ಕಿಂತ ಮೇಲಿನ ತೂಕವಾದ ಕ್ರೂಸರ್‌ವೇಟ್‌ನಲ್ಲಿ ಚಾಂಪಿಯನ್ ಆದ. 1985ರಲ್ಲಿ, 48 ಪಂದ್ಯ ಸೋಲಿಲ್ಲದೆ ಬಂದಿದ್ದ ಲ್ಯಾರಿ ಹೋಮ್ಸ್‌ನನ್ನ ಸ್ಪಿಂಕ್ಸ್ ಸೋಲಿಸಿದ. ಲೈಟ್ ಹೆವಿವೇಟ್ ಚಾಂಪಿಯನ್ ಆಗಿದ್ದುಕೊಂಡೇ ಹೆವಿವೇಟ್ ಪಟ್ಟ ಗೆದ್ದವರಲ್ಲಿ ಅವನೇ ಮೊದಲಿಗ. ಬಾಬ್ ಫಾಸ್ಟರ್‌ನ ಎಡಗೈ ಹುಕ್ ಎಲ್ಲರಿಗಿಂತ ಭಯಂಕರ ಇರಬಹುದು, ಆದರೆ 1968ರಲ್ಲಿ ಅವನು ಕೆಡವಿದ ಡಿಕ್ ಟೈಗರ್ ಮಿಡಲ್‌ವೇಟ್‌ನಿಂದ ಬಂದವನು, ವಯಸ್ಸು 38.

ಬಿವೊಲ್ ಮತ್ತು ಬೆಟರ್‌ಬಿಯೇವ್ ಬಗ್ಗೆ ಹುಡುಗರು ಬಿಡಲ್ಲ. 2024ರ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ ಈ ತೂಕದ ನಾಲ್ಕೂ ದೊಡ್ಡ ಸಂಸ್ಥೆಗಳ ಬೆಲ್ಟ್‌ಗೆ ಮೊದಲ ಸಲ ಒಂದೇ ಪಂದ್ಯ ನಡೆದು ಬೆಟರ್‌ಬಿಯೇವ್ ಗೆದ್ದ, 2025ರ ಫೆಬ್ರವರಿಯಲ್ಲಿ ಬಿವೊಲ್ ತಿರುಗಿ ಗೆದ್ದ. ಎರಡರಲ್ಲೂ ಒಬ್ಬೊಬ್ಬ ಜಡ್ಜ್ ಸಮ ಅಂತ ಬರೆದ. ಒಳಗೆ ಹೊರಗೆ ಆಡುವ ಬಿವೊಲ್ ಕಾಲು ನೋಡೋಕೆ ನನಗೂ ಆಸೆ. ಆದರೆ ಅವನು ಸೋಲಿಸಿದವರು ಮುಂದೆ ಏನಾಗುತ್ತಾರೆ ಅನ್ನೋದು ಇನ್ನೂ ಬರಬೇಕು.

ಮೊನ್ನೆ ಹುಡುಗರನ್ನ ಕೂರಿಸಿ 1950ರ ಸೆಪ್ಟೆಂಬರ್‌ನ ಚಾರ್ಲ್ಸ್ ಮತ್ತು ಜೋ ಲೂಯಿ ಪಂದ್ಯ ಹಾಕಿದೆ. ಅದು ಹೆವಿವೇಟ್ ಪಂದ್ಯವೇ. ಆದರೆ ಲೂಯಿ 218 ಪೌಂಡ್, ಚಾರ್ಲ್ಸ್ 184 ಚಿಲ್ಲರೆ. ಮುಖ ನೋಡಬೇಡಿ, ಚಾರ್ಲ್ಸ್‌ನ ಕಾಲು ಮಾತ್ರ ನೋಡಿ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ಸುಮ್ನೆ ಎದ್ದು ನಿಂತು, ಜ್ಯಾಬ್ ಹಾಕಿ ಪಕ್ಕಕ್ಕೆ ಸರಿಯೋದನ್ನ ತಾನೇ ಮಾಡಿ ನೋಡತೊಡಗಿದ.