ಒಂದು ವರ್ಷ ಹೊರದೇಶದಲ್ಲಿದ್ದರೆ ಅಲ್ಲಿನ ಜನ ನಿಜವಾಗಿ ಅರ್ಥವಾಗುತ್ತಾರಾ?

ಓದುಗರ ಪ್ರಶ್ನೆ: ಶಾಲೆ ಮುಗಿಯಿತು. ಮುಂದಿನ ಓದಿಗೆ ಸೇರುವ ಮೊದಲು ಒಂದು ವರ್ಷ ಬಿಡುವು ಮಾಡಿಕೊಂಡು ಹೊರದೇಶದಲ್ಲಿ ಇರಬೇಕು ಅಂತ ಆಸೆ. ಬೇರೆ ಸಂಸ್ಕೃತಿ ತಿಳಿಯುವುದೇ ಉದ್ದೇಶ. ಮನೆಯವರು ಮಾತ್ರ "ಅದು ಉದ್ದದ ಪ್ರವಾಸ ಅಷ್ಟೇ" ಅನ್ನುತ್ತಾರೆ. ಒಂದು ವರ್ಷದಲ್ಲಿ ನಿಜವಾಗಿ ಏನಾದರೂ ಅರ್ಥ ಆಗುತ್ತದಾ?

ಉತ್ತರ: ಆಗುತ್ತದೆ. ಆದರೆ ಆ ವರ್ಷವನ್ನು ಹೇಗೆ ಕಳೆಯುತ್ತೀರಿ ಅನ್ನುವುದು ಮುಖ್ಯ. ಮನೆಯವರ ಅನುಮಾನದಲ್ಲೂ ಹುರುಳಿದೆ. ತಿಂಗಳಿಗೊಂದು ದೇಶ ಅಂತ ಸುತ್ತಿದರೆ ಅದು ಪ್ರವಾಸವೇ. ಪ್ರವಾಸ ಮಾಡುವುದು ಕೆಟ್ಟದ್ದೇನಲ್ಲ. ನಿಮಗೆ ಬೇಕಾಗಿರುವುದು ಜನರನ್ನು ತಿಳಿಯುವುದು, ಅಲ್ವಾ? ಹಾಗಾದರೆ ಒಂದು ದೇಶ, ಒಂದು ಊರು, ಸಾಧ್ಯವಾದರೆ ಒಂದೇ ಮನೆ ನೋಡಿಕೊಂಡು ಅಲ್ಲೇ ನೆಲೆ ನಿಲ್ಲಿ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಹಾಜೋ ಆಡಮ್ ಮತ್ತು ಸಂಗಡಿಗರು 2018ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹೊರದೇಶದಲ್ಲಿ ಬದುಕಿದವರಿಗೆ ತಮ್ಮ ಬಗ್ಗೆ ತಮಗೇ ಎಷ್ಟು ಸ್ಪಷ್ಟತೆ ಇದೆ ಅಂತ ನೋಡಿದರು. ಎಷ್ಟು ದೇಶದಲ್ಲಿ ಇದ್ದರು ಅನ್ನುವುದರಿಂದ ವ್ಯತ್ಯಾಸ ಕಾಣಲಿಲ್ಲ. ಎಷ್ಟು ಕಾಲ ಇದ್ದರು ಅನ್ನುವುದರಿಂದ ಕಂಡಿತು. ಯಾಕೆಂದರೆ ಬೇರೆ ಜನರ ನಡುವೆ ದಿನವೂ ಬದುಕುವಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. "ನಾನು ಹೀಗೆ ಮಾಡುವುದು ನನಗೆ ಸರಿ ಅನ್ನಿಸಿದ್ದಕ್ಕಾ, ಇಲ್ಲಾ ಹಾಗೆ ಬೆಳೆಸಿದ್ದಾರೆ ಅಂತಲಾ?" ನಾಲ್ಕು ದಿನದ ಭೇಟಿಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಕಷ್ಟ.

ಸುಮ್ನೆ ಒಂದೇ ಕಡೆ ಇದ್ದರೂ ಸಾಲದು. ಜರ್ಮನಿಯ ಯೂಲಿಯಾ ಜಿಮ್ಮರ್‌ಮನ್ ಮತ್ತು ಫ್ರಾಂಜ್ ನೆಯರ್ 2013ರಲ್ಲಿ, ಹೊರದೇಶಕ್ಕೆ ಓದಲು ಹೋದ ವಿದ್ಯಾರ್ಥಿಗಳನ್ನು ಹೋಗದೇ ಇದ್ದವರ ಜೊತೆ ಹೋಲಿಸಿದರು. ಹೋದವರ ಮನಸ್ಸು ಹೊಸದಕ್ಕೆ ಜಾಸ್ತಿ ತೆರೆದುಕೊಂಡಿತ್ತು. ಅದರ ಹಿಂದಿದ್ದ ದೊಡ್ಡ ಕಾರಣ, ಅಲ್ಲಿ ಬೇರೆ ದೇಶದವರ ಜೊತೆ ಬೆಳೆದ ಹೊಸ ಸ್ನೇಹ. ಹಾಗಾಗಿ ಸ್ವಂತ ದೇಶದವರ ಜೊತೆಗೇ ರೂಮು ಮಾಡಿ, ಅವರ ಜೊತೆಗೇ ಊಟ, ಅವರ ಜೊತೆಗೇ ವಾರಾಂತ್ಯ ಅಂತ ವರ್ಷ ಮುಗಿಸಬೇಡಿ.

ಸ್ನೇಹ ಹೇಗೆ ಬೆಳೆಯುತ್ತದೆ? ಬೇರೆ ಬೇರೆ ಗುಂಪಿನ ಜನ ಹತ್ತಿರವಾಗಲು ಏನು ಬೇಕು ಅಂತ ಮನಶ್ಶಾಸ್ತ್ರಜ್ಞ ಗೋರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ಇಬ್ಬರೂ ಸಮಾನರಾಗಿರಬೇಕು. ಗುರಿ ಒಂದೇ ಇರಬೇಕು. ಅದಕ್ಕಾಗಿ ಕೈಜೋಡಿಸಿ ದುಡಿಯಬೇಕು. ಸುತ್ತಲಿನ ವ್ಯವಸ್ಥೆಯ ಬೆಂಬಲವೂ ಇರಬೇಕು. ಅತಿಥಿಯಾಗಿ ಹೋದವರಿಗೆ ಇದು ಸಿಗುವುದಿಲ್ಲ. ಅತಿಥಿಯ ಮುಂದೆ ಎಲ್ಲರೂ ಒಳ್ಳೆಯ ಮುಖವನ್ನೇ ತೋರಿಸುತ್ತಾರೆ. ಪಾತ್ರೆ ತೊಳೆಯುವ ಸರದಿ ನಿಮಗೂ ಬಂದ ದಿನ ಬೇರೆಯೇ ಪಾಠ ಶುರುವಾಗುತ್ತದೆ. ಈ ಜನ "ಆಗಲ್ಲ" ಅನ್ನುವುದನ್ನು ಬಾಯಿಬಿಟ್ಟು ಹೇಳುತ್ತಾರಾ, ಸುಮ್ಮನಾಗಿ ತೋರಿಸುತ್ತಾರಾ? ಜಗಳವಾದ ಮೇಲೆ ಯಾರು ಮೊದಲು ಮಾತಾಡುತ್ತಾರೆ? ಹಿರಿಯರ ಮಾತನ್ನು ಎದುರಿಗೇ ತಳ್ಳಿಹಾಕಬಹುದಾ? ಸಂಸ್ಕೃತಿ ಅಂದರೆ ನನ್ನ ಮಟ್ಟಿಗೆ ಇದೇ. ಹಬ್ಬ, ಕುಣಿತ, ಉಡುಪು ಆಮೇಲೆ.

ಎಎಫ್‌ಎಸ್ ಅನ್ನುವ ವಿದ್ಯಾರ್ಥಿ ವಿನಿಮಯ ಸಂಸ್ಥೆ ನಿಮ್ಮ ವಯಸ್ಸಿನವರನ್ನು ಸ್ಥಳೀಯ ಕುಟುಂಬದ ಜೊತೆ ಇರಿಸುವುದರ ಅರ್ಥವೂ ಇದೇ. ಅದನ್ನು ಕಟ್ಟಿದವರು ಎರಡು ಮಹಾಯುದ್ಧಗಳಲ್ಲಿ ಆಂಬ್ಯುಲೆನ್ಸ್ ಓಡಿಸಿದ ಸ್ವಯಂಸೇವಕರು. ಯುದ್ಧ ನೋಡಿ ಬಂದವರು ಮಕ್ಕಳನ್ನು ಒಬ್ಬರ ಮನೆಗೆ ಒಬ್ಬರು ಕಳಿಸೋಣ ಅಂತ ಹೊರಟರಲ್ಲ, ಅದು ನನಗೆ ಇಂದಿಗೂ ದೊಡ್ಡ ವಿಷಯ ಅನ್ನಿಸುತ್ತದೆ.

ಇನ್ನು ಯಾರೂ ಮೊದಲೇ ಹೇಳದ ಮಾತು. ನಡುವೆ ಒಂದಷ್ಟು ಕಾಲ ಬೇಸರ ಬರಬಹುದು. ಮಾನವಶಾಸ್ತ್ರಜ್ಞ ಕಲೇರ್ವೊ ಓಬರ್ಗ್ ಇದನ್ನು 'ಕಲ್ಚರ್ ಶಾಕ್' ಅಂತ ವಿವರಿಸಿದರು. ಯಾವಾಗ ಕೈಕುಲುಕಬೇಕು, ಯಾವ ಕರೆಯನ್ನು ಒಪ್ಪಬೇಕು ಅನ್ನುವಂಥ ಸಣ್ಣ ಸಣ್ಣ ಸುಳಿವುಗಳು ಕೈತಪ್ಪಿದಾಗ ಮನಸ್ಸು ಕಂಗೆಡುತ್ತದೆ ಅನ್ನುವುದು ಅವರ ವಿವರಣೆ. 1955ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ನಾರ್ವೆಯ ಸ್ವೆರ್ರೆ ಲಿಸ್ಗಾರ್ಡ್, ಅಮೆರಿಕದಲ್ಲಿ ಇದ್ದು ಬಂದ ಸುಮಾರು 200 ನಾರ್ವೆಯವರನ್ನು ಮಾತಾಡಿಸಿದರು. ಆರು ತಿಂಗಳೊಳಗೆ ವಾಪಸ್ ಬಂದವರು ಚೆನ್ನಾಗಿಯೇ ಹೊಂದಿಕೊಂಡಿದ್ದರು. ಹದಿನೆಂಟು ತಿಂಗಳು ದಾಟಿದವರೂ ಅಷ್ಟೇ. ಕಷ್ಟಪಟ್ಟವರು ಆ ಎರಡರ ನಡುವಿನವರು. ನಿಮ್ಮ ಒಂದು ವರ್ಷ ಸರಿಯಾಗಿ ಅಲ್ಲೇ ಬೀಳುತ್ತದೆ ನೋಡಿ! ಎಲ್ಲರ ಅನುಭವ ಹೀಗೇ ಸಾಗುವುದಿಲ್ಲ, ಹಲವರಿಗೆ ಮೊದಲ ವಾರಗಳೇ ಕಷ್ಟ ಅಂತ ಆಮೇಲಿನ ಅಧ್ಯಯನಗಳು ಹೇಳಿವೆ. ಏನೇ ಇರಲಿ, ಬೇಸರ ಬಂದಾಗ "ಈ ಜನವೇ ಸರಿ ಇಲ್ಲ" ಅಂತ ತೀರ್ಮಾನಿಸುವ ಮೊದಲು ತಡೆಯಿರಿ.

ಆಗ ಬರೆಯುವ ಅಭ್ಯಾಸ ನೆರವಾಗುತ್ತದೆ. ಮೊದಲು ನಡೆದದ್ದನ್ನಷ್ಟೇ ಬರೆಯಿರಿ: ಗೆಳೆಯ ಒಂದು ಗಂಟೆ ತಡವಾಗಿ ಬಂದ. ಆಮೇಲೆ ಅದಕ್ಕೆ ಎಷ್ಟು ಅರ್ಥ ಇರಬಹುದು ಅಂತ ಯೋಚಿಸಿ. ನನ್ನ ಬಗ್ಗೆ ಗೌರವ ಇಲ್ಲ ಅಂತಲೂ ಇರಬಹುದು. ಇಲ್ಲಿ ಗೆಳೆಯರ ನಡುವೆ ಗಡಿಯಾರ ನೋಡುವುದಿಲ್ಲ ಅಂತಲೂ ಇರಬಹುದು. ನಂಬುವ ಸ್ಥಳೀಯರೊಬ್ಬರನ್ನು ಕೇಳಿ. ಸರಿಯೋ ತಪ್ಪೋ ಅನ್ನುವ ಮಾತು ಕೊನೆಗೆ.

ಸ್ವಯಂಸೇವೆ ಮಾಡುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಹಣ ಕೊಟ್ಟು ಕೆಲವು ವಾರ ಅನಾಥಾಲಯದಲ್ಲಿ ಮಕ್ಕಳ ಜೊತೆ ಇರುವ ಕಾರ್ಯಕ್ರಮಗಳಿಗೆ ಹೋಗಬೇಡಿ. ಕಾಂಬೋಡಿಯಾದ ಅನಾಥಾಲಯಗಳಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಅನ್ನುವುದನ್ನು ಯುನಿಸೆಫ್ ಎತ್ತಿ ತೋರಿಸಿದೆ. ಬರುವವರ ದುಡ್ಡಿಗಾಗಿ ಮಕ್ಕಳನ್ನು ಮನೆಯಿಂದ ದೂರ ಇಡುವ ವ್ಯವಹಾರಕ್ಕೆ ನಿಮ್ಮ ಒಳ್ಳೆಯ ಮನಸ್ಸು ಬಳಕೆಯಾಗಬಾರದು. ಹಚ್ಚಿಕೊಂಡ ಮಕ್ಕಳನ್ನು ವಾರಕ್ಕೊಬ್ಬರು ಬಿಟ್ಟುಹೋಗುವುದೂ ಕ್ರೂರವೇ.

ಸರ್ಕಾರದ ಬೆಂಬಲವಿರುವ ಕಾರ್ಯಕ್ರಮಗಳೂ ಇವೆ. ಜರ್ಮನಿ 2008ರಲ್ಲಿ ಶುರುಮಾಡಿದ 'ವೆಲ್ಟ್‌ವೆರ್ಟ್ಸ್' ತನ್ನ ಸ್ವಯಂಸೇವಕರಿಗೆ ಹೋಗುವ ಮೊದಲು, ನಡುವೆ ಮತ್ತು ವಾಪಸ್ ಬಂದ ಮೇಲೆ ತರಬೇತಿ ಶಿಬಿರ ನಡೆಸುತ್ತದೆ. ನೀವು ಯಾವ ಸಂಸ್ಥೆಯ ಮೂಲಕ ಹೋದರೂ ಈ ಮೂರೂ ಇವೆಯಾ ಅಂತ ಕೇಳಿ. ವಾಪಸಾತಿಯ ಶಿಬಿರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ವಂತ ಮನೆಗೆ ಮರಳಿದಾಗ ಮತ್ತೊಂದು ಸುತ್ತು ತಳಮಳ ಬರುತ್ತದೆ ಅಂತ ಸಂಶೋಧಕರಾದ ಗಲ್ಲಹಾರ್ನ್ ದಂಪತಿ 1963ರಲ್ಲೇ ಬರೆದಿದ್ದರು. ನೀವು ಬದಲಾಗಿರುತ್ತೀರಿ, ಮನೆಯವರು ಹಳೆಯ ನಿಮ್ಮನ್ನೇ ನಿರೀಕ್ಷಿಸುತ್ತಿರುತ್ತಾರೆ.

ವೀಸಾದ ವಿಷಯ ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ. ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವಂತಿಲ್ಲ. ಎಷ್ಟೋ ಕಡೆ ಸಂಬಳವಿಲ್ಲದ ಕೆಲಸಕ್ಕೂ ಬೇರೆ ವೀಸಾ ಬೇಕು. ಭಾಷೆಯನ್ನು ಹೊರಡುವ ಮೊದಲೇ ಶುರುಮಾಡಿ. ಅಲ್ಲಿ ಹೋಗಿ ಕಲಿತರಾಯಿತು ಅಂದುಕೊಂಡರೆ ಮೊದಲ ತಿಂಗಳುಗಳು ಬರೀ ನಗುತ್ತಾ ತಲೆಯಾಡಿಸುವುದರಲ್ಲೇ ಹೋಗುತ್ತವೆ.

ಒಂದು ವರ್ಷ ಸಿಗದೆ ಮೂರೇ ತಿಂಗಳು ಸಿಕ್ಕರೂ ಹೋಗಿ. ಆಗಲೂ ಒಂದೇ ಊರು, ಸ್ಥಳೀಯರ ಮನೆ, ವಾರಕ್ಕೆ ಎರಡು ಮೂರು ದಿನವಾದರೂ ಅಲ್ಲಿನವರ ಜೊತೆ ಮಾಡುವ ಒಂದು ಕೆಲಸ. ಆಟದ ತಂಡವೋ ಹಾಡುವ ಗುಂಪೋ ಆದರೂ ಸರಿ, ನೀವು ಬರಲಿಲ್ಲ ಅಂದರೆ ಅವರಿಗೆ ಗೊತ್ತಾಗಬೇಕು.