ಆರೆಂಜ್ ಚಿಕನ್ ಮೆತ್ತಗಾಗುವುದು ಯಾಕೆ? ಚೀನೀ-ಅಮೆರಿಕನ್ ಕೌಂಟರಿನ ಒಳಲೆಕ್ಕ

ಅಮೆರಿಕದ ಚೀನೀ ಫಾಸ್ಟ್‌ಫುಡ್ ಅಂಗಡಿಗಳ ಬಗ್ಗೆ ಗ್ರಾಹಕರ ಅಭಿಪ್ರಾಯ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಮಧ್ಯಾಹ್ನ ಹೋದವರಿಗೆ ಆರೆಂಜ್ ಚಿಕನ್, ಅಂದರೆ ಕಿತ್ತಳೆ ಸ್ವಾದದ ಸಿಹಿ-ಹುಳಿ ಸಾಸ್ ಮೆತ್ತಿದ ಕರಿದ ಕೋಳಿ, ಗರಿಗರಿಯಾಗಿ ಸಿಕ್ಕಿರುತ್ತದೆ. ಅದೇ ಅಂಗಡಿಗೆ ಅದೇ ದಿನ ನಾಲ್ಕು ಗಂಟೆಗೆ ಹೋದವರಿಗೆ ಅಂಟಂಟು ಮುದ್ದೆ. ಮಾಂಸ, ಸಾಸ್, ಬಾಣಲೆ ಎಲ್ಲ ಒಂದೇ. ಬೇರೆಯಾದದ್ದು ಬಾಣಲೆಯಿಂದ ಇಳಿದ ಮೇಲೆ ಅದು ಕೌಂಟರಿನ ಬಿಸಿ ಟ್ರೇಯಲ್ಲಿ ಕೂತ ಹೊತ್ತು ಮಾತ್ರ. ಇಂಥ ಅಂಗಡಿಯ ಊಟದ ಹಣೆಬರಹ ಬರೆಯುವುದು ಬಹುಪಾಲು ಆ ಹೊತ್ತೇ.

ಮೊದಲೇ ಮಾಡಿ ಟ್ರೇಯಲ್ಲಿಟ್ಟು ಬಡಿಸುವ ಈ ಪದ್ಧತಿಯನ್ನು ದೇಶದುದ್ದಕ್ಕೂ ಹರಡಿದ್ದು ಸರಪಳಿ ಅಂಗಡಿ ಪಾಂಡಾ ಎಕ್ಸ್‌ಪ್ರೆಸ್. ಆಂಡ್ರ್ಯೂ ಚೆರ್ಂಗ್ 1973ರಲ್ಲಿ ಬಾಣಸಿಗರಾಗಿದ್ದ ತಂದೆಯ ಜೊತೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಪಾಂಡಾ ಇನ್ ಎಂಬ ಹೋಟೆಲ್ ತೆರೆದರು. ಅಲ್ಲಿ ಮೇಜಿಗೆ ಕೂತು ಉಣ್ಣುವ ಕ್ರಮವಿತ್ತು. 1983ರಲ್ಲಿ ಅವರು ಮತ್ತು ಪತ್ನಿ ಪೆಗ್ಗಿ ಗ್ಲೆಂಡೇಲ್ ಗ್ಯಾಲರಿಯಾ ಮಾಲ್‌ನಲ್ಲಿ ಮೊದಲ ಪಾಂಡಾ ಎಕ್ಸ್‌ಪ್ರೆಸ್ ಶುರುಮಾಡಿದರು. ಆರೆಂಜ್ ಚಿಕನ್ ಬಂದದ್ದು 1987ರಲ್ಲಿ, ಬಾಣಸಿಗ ಆಂಡಿ ಕಾವೊ ಕೈಯಿಂದ. ಪೆಗ್ಗಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದವರು, ವ್ಯವಹಾರಕ್ಕೆ ಕಂಪ್ಯೂಟರ್ ತಂದವರೂ ಅವರೇ. ಮಾಲ್‌ಗೆ ಬಂದವರಿಗೆ ಕಾಯುವ ವ್ಯವಧಾನವಿಲ್ಲ. ಹಾಗಾಗಿ ಅಡುಗೆ ಮೊದಲೇ ಆಗಿರಬೇಕು, ಕಣ್ಣಿಗೆ ಕಾಣಬೇಕು, ಬೆರಳು ತೋರಿಸಿದರೆ ತಟ್ಟೆಗೆ ಬೀಳಬೇಕು. ಅನುಕೂಲವೂ ತೊಂದರೆಯೂ ಎರಡೂ ಹುಟ್ಟುವುದು ಇಲ್ಲಿಂದಲೇ.

ಕರಿದ ಕೋಳಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಾರ್ನ್‌ಫ್ಲೋರ್, ಮೈದಾ ಹಚ್ಚಿದ ತುಂಡುಗಳು ಸುಮಾರು 175 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಬೇಯುತ್ತವೆ. ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಲೇಬೇಕು. ಹೊರಪದರದ ನೀರು ಹಾರಿಹೋಗಿ ಅದು ಗಟ್ಟಿಯಾಗುತ್ತದೆ. ಆಮೇಲೆ ಕಾದ ಬಾಣಲೆಯಲ್ಲಿ ಸಕ್ಕರೆ, ವಿನೆಗರ್, ಸೋಯಾ ಸೇರಿದ ಸಾಸ್ ಕುದಿದು ಪಾಕಕ್ಕೆ ಬಂದಾಗ ತುಂಡುಗಳನ್ನು ಹಾಕಿ ಬೇಗ ಬೇಗ ಚಿಮ್ಮಿಸುತ್ತಾರೆ. ಪಾಕ ಹದವಾಗಿದ್ದರೆ ತೆಳ್ಳಗೆ, ಹೊಳಪಾಗಿ ಮೆತ್ತಿಕೊಳ್ಳುತ್ತದೆ. ಸಾಸ್ ಕುದಿಯುವ ಮೊದಲೇ ಕೋಳಿ ಬಿದ್ದರೆ ನೀರು ಹೊರಪದರಕ್ಕೆ ಇಳಿಯುತ್ತದೆ. ಆ ಬ್ಯಾಚ್ ಟ್ರೇಗೆ ಬರುವ ಮೊದಲೇ ಕೆಟ್ಟಿರುತ್ತದೆ.

ಟ್ರೇಗೆ ಬಂದ ಮೇಲೆ ಎರಡು ಕಡೆಯಿಂದ ತೇವ ನುಗ್ಗುತ್ತದೆ. ಹೊರಗಿನಿಂದ ಸಾಸ್, ಒಳಗಿನಿಂದ ಮಾಂಸದ ರಸ. ಅಮೆರಿಕದ ಆಹಾರ ಸುರಕ್ಷತಾ ಸಂಹಿತೆಯ ಪ್ರಕಾರ ಬಿಸಿ ಪದಾರ್ಥ 57 ಡಿಗ್ರಿಗಿಂತ ಕೆಳಗಿಳಿಯಬಾರದು. ಆದ್ದರಿಂದ ಟ್ರೇ ಅಡಿಯ ಶಾಖ ನಿಲ್ಲುವುದಿಲ್ಲ, ಹಬೆ ಏಳುತ್ತಲೇ ಇರುತ್ತದೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಗರಿಗರಿ ಬಹುಪಾಲು ಹೋಗಿರುತ್ತದೆ. ತಳ್ಳುಗಾಡಿಯ ಗೋಬಿ ಮಂಚೂರಿಯನ್ನು ಪೊಟ್ಟಣ ಕಟ್ಟಿಸಿ ಮನೆಗೆ ಒಯ್ದಾಗ ಆಗುವುದೂ ಇದೇ. ಸುರಕ್ಷಿತವಾಗಿರುವುದು ಬೇರೆ, ರುಚಿಯಾಗಿರುವುದು ಬೇರೆ. ಥರ್ಮಾಮೀಟರ್ ಸರಿಯಾಗಿ ತೋರಿಸುತ್ತಿದೆ ಎಂದು ಸಮಾಧಾನಪಡುವ ಮ್ಯಾನೇಜರುಗಳು ಗ್ರಾಹಕರನ್ನು ಕಳೆದುಕೊಳ್ಳುವುದು ಈ ವ್ಯತ್ಯಾಸ ಗಮನಿಸದೆ. ಮಂದ ಹೊತ್ತಿನಲ್ಲಿ ಪೂರ್ತಿ ಟ್ರೇ ತುಂಬದೆ ಅರ್ಧ ಅಥವಾ ಕಾಲು ಬ್ಯಾಚ್ ಮಾಡಿಸುವುದೊಂದೇ ಇದಕ್ಕೆ ಮದ್ದು. ಅಡುಗೆಯವರಿಗೆ ಕೆಲಸ ಹೆಚ್ಚುತ್ತದೆ, ನಿಜ. ಎಸೆಯುವ ಊಟವೂ ಅಷ್ಟೇ ಕಡಿಮೆಯಾಗುತ್ತದೆ.

ಎಲ್ಲ ಪದಾರ್ಥಗಳೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಬಿಳಿ ಅನ್ನ ತುಂಬ ಹೊತ್ತು ತಡೆಯುತ್ತದೆ. ಫ್ರೈಡ್ ರೈಸ್ ಟ್ರೇಯ ಅಂಚಿನಲ್ಲಿ ಒಣಗಿ ಗಟ್ಟಿಕಾಳಾಗುತ್ತದೆ. ಚೌಮೀನ್‌ನ ಎಣ್ಣೆ ಕೆಳಗಿಳಿದು ಮೇಲಿನ ನೂಡಲ್ಸ್ ಬಿರುಸಾಗುತ್ತದೆ, ಬಡಿಸುವ ಮೊದಲು ಒಮ್ಮೆ ಮಗುಚಿದರೆ ಸರಿಹೋಗುತ್ತದೆ. ಬ್ರಾಕೊಲಿಯೇ ಒಳ್ಳೆಯ ಗಡಿಯಾರ: ಹಸಿರು ಕಳೆದು ಮಂಕು ಆಲಿವ್ ಬಣ್ಣಕ್ಕೆ ತಿರುಗಿದ್ದರೆ ಆ ಟ್ರೇ ತಡವಾಗಿದೆ. ಕುಂಗ್ ಪಾವ್ ಎಂಬ ಖಾರದ ಕೋಳಿಯಲ್ಲಿ ಕಡಲೆಕಾಯಿ ಬೀಜ ಮೆತ್ತಗಾಗಿದ್ದರೂ ಅದೇ ಅರ್ಥ. ಕೋಳಿಯ ಟ್ರೇಯಲ್ಲಿ ಸಾಸ್ ತಳಕ್ಕೆ ಹರಿದು ಕೆರೆ ಕಟ್ಟಿದ್ದರೆ, ಮೇಲೆ ಕೆನೆಯಂಥ ಪದರ ಬಂದಿದ್ದರೆ ಬೇರೆಯದನ್ನು ಆರಿಸಿ.

ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ, ಸಂಜೆ ಆರರಿಂದ ಏಳೂವರೆ ಸರದಿ ಉದ್ದವಿರುತ್ತದೆ, ಟ್ರೇ ಬೇಗ ಬೇಗ ಬದಲಾಗುತ್ತದೆ. ಹತ್ತು ನಿಮಿಷ ನಿಂತರೂ ಲಾಭ ನಿಮಗೇ. ಎರಡೂವರೆಯಿಂದ ನಾಲ್ಕೂವರೆ, ಮತ್ತೆ ಬಾಗಿಲು ಮುಚ್ಚುವ ಮುಂಚಿನ ಹೊತ್ತು ಕಷ್ಟದ್ದು. ಆಗ ಹೋದರೆ, ಮುಂದಿನ ಬ್ಯಾಚ್ ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ಕೇಳಿ. ಐದಾರು ನಿಮಿಷ ಎಂದರೆ ಕಾಯಬಹುದು. ‘ಇದು ಫ್ರೆಶ್ ಇದೆಯಾ’ ಎಂದು ಕೇಳಬೇಡಿ, ಇಲ್ಲ ಎಂದು ಯಾರೂ ಹೇಳುವುದಿಲ್ಲ.

ಅಳತೆಯ ಬಗ್ಗೆ ದೂರು ಹೆಚ್ಚು. ಪಾಂಡಾ ಎಕ್ಸ್‌ಪ್ರೆಸ್‌ನಲ್ಲಿ ಬೌಲ್ ಎಂದರೆ ಒಂದು ಸೈಡ್ (ಅನ್ನ, ನೂಡಲ್ಸ್ ಅಥವಾ ತರಕಾರಿ), ಒಂದು ಮುಖ್ಯ ಪದಾರ್ಥ. ಪ್ಲೇಟ್ ಎಂದರೆ ಒಂದು ಸೈಡ್, ಎರಡು ಮುಖ್ಯ ಪದಾರ್ಥ. ಬಿಗ್ಗರ್ ಪ್ಲೇಟ್‌ನಲ್ಲಿ ಮೂರು. ಸೈಡನ್ನು ಅರ್ಧ ಚೌಮೀನ್, ಅರ್ಧ ತರಕಾರಿ ಎಂದು ಹಂಚಿಸಿಕೊಳ್ಳಬಹುದು. ವಾಲ್‌ನಟ್ ಸೀಗಡಿಯಂಥವಕ್ಕೆ ಪ್ರತ್ಯೇಕ ಹೆಚ್ಚುವರಿ ದರವಿದೆ, ಫಲಕ ಓದದೆ ಹೇಳಿದವರು ಬಿಲ್ ನೋಡಿ ಬೇಸರಪಡುತ್ತಾರೆ. ಮುಖ್ಯ ಪದಾರ್ಥದ ಪಾಲು ಸಾಮಾನ್ಯವಾಗಿ 150ರಿಂದ 170 ಗ್ರಾಂ. ಚಮಚ ಒಂದೇ ಆದರೂ ದೊಡ್ಡ ತುಂಡುಗಳ ಮಧ್ಯೆ ಖಾಲಿ ಜಾಗ ಉಳಿಯುತ್ತದೆ, ಟ್ರೇಯ ತಳದಿಂದ ತೋಡಿದರೆ ಸಾಸೇ ತೂಕ ತಿನ್ನುತ್ತದೆ. ಪಾಲು ಕಡಿಮೆ ಅನಿಸಿದರೆ ಕೌಂಟರಿನಲ್ಲಿದ್ದಾಗಲೇ ಮೆಲ್ಲಗೆ ಹೇಳಿ, ಬಹುತೇಕರು ಎರಡು ತುಂಡು ಸೇರಿಸುತ್ತಾರೆ. ಡ್ರೈವ್-ಥ್ರೂನಲ್ಲಿ ಟ್ರೇಯೂ ಕಾಣದು, ಚಮಚವೂ ಕಾಣದು. ಕಾರು ಮುಂದೆ ಹೋಗುವ ಮೊದಲು ಡಬ್ಬಿ ತೆರೆದು ನೋಡಿಕೊಳ್ಳುವುದು ಒಳ್ಳೆಯದು. ಆ್ಯಪ್‌ನಲ್ಲಿ ತರಿಸಿದ್ದೂ ಸಾಮಾನ್ಯವಾಗಿ ಅದೇ ಟ್ರೇಯಿಂದ ಬರುತ್ತದೆ, ಜೊತೆಗೆ ಮುಚ್ಚಿದ ಡಬ್ಬಿಯ ಹಬೆ ಬೇರೆ.

ಅಲ್ಲಿ ನೆಲೆಸಿದ ನಮ್ಮವರಲ್ಲಿ ಸಸ್ಯಾಹಾರಿಗಳು ಬಹಳ. ಅವರಿಗೊಂದು ಮಾತು. ಚೌಮೀನ್‌ನಲ್ಲಿ ಮಾಂಸದ ತುಂಡು ಕಾಣದಿದ್ದರೂ ಸಾಸ್‌ನಲ್ಲಿ ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ರಸ) ಅಥವಾ ಆಯ್‌ಸ್ಟರ್ ಸಾಸ್ (ಸಿಂಪಿಯಿಂದ ಮಾಡಿದ್ದು) ಇರಬಹುದು. ಫ್ರೈಡ್ ರೈಸ್‌ಗೆ ಮೊಟ್ಟೆ ಬಿದ್ದಿರುತ್ತದೆ. ವೆಜ್ ಸ್ಪ್ರಿಂಗ್ ರೋಲ್ ಕರಿಯುವ ಎಣ್ಣೆಯಲ್ಲೇ ಕೋಳಿ, ಸೀಗಡಿಯೂ ಬೇಯಬಹುದು. ‘ವೆಜಿಟೇರಿಯನ್ನಾ’ ಎಂದಷ್ಟೇ ಕೇಳಿದರೆ ಮಾಂಸದ ತುಂಡಿಲ್ಲ ಎಂಬ ಅರ್ಥದಲ್ಲಿ ಹೌದು ಎನ್ನುತ್ತಾರೆ. ಸ್ಟಾಕ್, ಮೊಟ್ಟೆ, ಎಣ್ಣೆ ಮೂರನ್ನೂ ಹೆಸರು ಹಿಡಿದು ಕೇಳಿ. ಕಟ್ಟುನಿಟ್ಟಿನವರಿಗೆ ಬಿಳಿ ಅನ್ನದ ಹೊರತು ಭರವಸೆಯದು ಸಿಗುವುದು ಕಷ್ಟ. ಕಡಲೆಕಾಯಿ, ವಾಲ್‌ನಟ್, ಸೀಗಡಿ ಅಲರ್ಜಿ ಇದ್ದವರಂತೂ ಇನ್ನೂ ಎಚ್ಚರದಿಂದಿರಬೇಕು: ಗಡಿಬಿಡಿಯಲ್ಲಿ ಒಂದು ಟ್ರೇಯ ಚಮಚ ಇನ್ನೊಂದಕ್ಕೆ ಹೋಗುತ್ತದೆ.

ಇಪ್ಪತ್ತು ಮತ್ತು ಅದಕ್ಕೂ ಹೆಚ್ಚು ಶಾಖೆಗಳ ಸರಪಳಿಗಳು ಫಲಕದಲ್ಲಿ ಕ್ಯಾಲೊರಿ ಬರೆಯಬೇಕೆಂಬ ನಿಯಮ ಅಮೆರಿಕದಾದ್ಯಂತ 2018ರಿಂದ ಜಾರಿಯಲ್ಲಿದೆ. ಅದನ್ನು ಓದಿ. ಪಾಂಡಾ ಎಕ್ಸ್‌ಪ್ರೆಸ್‌ನ ಆರೆಂಜ್ ಚಿಕನ್ ಒಂದು ಪಾಲಿಗೆ ಸುಮಾರು 500 ಕ್ಯಾಲೊರಿ, ಬ್ರಾಕೊಲಿ ಬೀಫ್ ಸುಮಾರು 150. ಚೌಮೀನ್ ಮತ್ತೆ 500ರಿಂದ 600.

ದೂರು ಹೇಳುವುದಾದರೆ ರಸೀದಿ ಹಿಡಿದು, ಅರ್ಧ ತಿನ್ನುವ ಮೊದಲೇ, ಯಾವ ಪದಾರ್ಥ, ಏನಾಗಿದೆ ಎಂದು ಶಿಫ್ಟ್ ಮ್ಯಾನೇಜರಿಗೆ ಹೇಳಿ. ತಣ್ಣಗಿದೆ, ಗಟ್ಟಿಯಾಗಿದೆ, ಒಳಗೆ ಬೆಂದಿಲ್ಲ ಎಂಬಂಥ ಖಚಿತ ಮಾತಿಗೆ ಬದಲಿ ಊಟ ಬೇಗ ಸಿಗುತ್ತದೆ. ಬಡಿಸುವ ಹುಡುಗ ಹುಡುಗಿಯರ ಮೇಲೆ ರೇಗುವುದು ನ್ಯಾಯವಲ್ಲ, ಬ್ಯಾಚ್ ಗಾತ್ರ ಅವರ ಕೈಯಲ್ಲಿರುವುದಿಲ್ಲ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಬೇಸಿಗೆಯಲ್ಲಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಅನ್ನದ ವಿಷಯದಲ್ಲಿ ಇದನ್ನು ಮೀರಲೇಬೇಡಿ: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಂದ ಅನ್ನದಲ್ಲೂ ಬದುಕುಳಿದು ವಿಷ ಮಾಡಬಲ್ಲದು, ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಕೋಳಿಯನ್ನು ಏರ್ ಫ್ರೈಯರ್‌ನಲ್ಲಿ 190 ಡಿಗ್ರಿಗೆ ಆರೇಳು ನಿಮಿಷ ಬಿಸಿಮಾಡಿದರೆ ಕಳೆದುಹೋದ ಗರಿಗರಿ ಅರ್ಧದಷ್ಟಾದರೂ ಮರಳುತ್ತದೆ. ಫ್ರೈಡ್ ರೈಸ್‌ಗೆ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಮೈಕ್ರೊವೇವ್‌ನಲ್ಲಿ ಬಿಸಿಮಾಡಿ.