ಸಿಇ ಬೇರೆ, ಇ ಬೇರೆ: ಯುರೋಪಿಗೆ ಹೊರಟ ಬೈಕ್ ಬಿಡಿಭಾಗಗಳು

ಯುರೋಪಿಗೆ ಬೈಕ್ ಬಿಡಿಭಾಗ ಕಳಿಸುವ ವಿಷಯದಲ್ಲಿ ನಾನು ಮೊದಲು ಎಡವಿದ್ದೇ ಮಾಲಿನ ಮೇಲಿನ ಗುರುತುಗಳಲ್ಲಿ. ಯುರೋಪ್ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಸಿಇ (CE) ಗುರುತು, ಅಂದರೆ ಮಾಲು ಅಲ್ಲಿನ ನಿಯಮಕ್ಕೆ ತಕ್ಕಂತಿದೆ ಅಂತ ತಯಾರಕರು ಹಾಕುವ ಗುರುತು, ಅಲ್ವಾ? ಆದರೆ ಬೈಕಿನ ಕನ್ನಡಿ, ಇಂಡಿಕೇಟರ್, ಟಯರ್, ಬ್ರೇಕ್ ಪ್ಯಾಡ್, ಸೈಲೆನ್ಸರ್‌ಗಳಿಗೆ ಅದು ಸಲ್ಲುವುದಿಲ್ಲ. ಇವುಗಳ ಮೇಲೆ ಸಾಮಾನ್ಯವಾಗಿ ಹುಡುಕಬೇಕಾದ್ದು ವೃತ್ತದೊಳಗಿನ ದೊಡ್ಡ ‘ಇ’ (E) ಮತ್ತು ಅದರ ಪಕ್ಕದ ಅಂಕಿ, ಅಂದರೆ ಇ-ಮಾರ್ಕ್. ಸಿಇ ಇರುವುದು ಸವಾರ ತೊಡುವ ರಕ್ಷಣಾ ಜಾಕೆಟ್, ಗ್ಲೌಸ್, ಬೂಟುಗಳಿಗೆ. ಹೆಲ್ಮೆಟ್ ಕೂಡ ತೊಡುವ ವಸ್ತುವೇ, ಆದರೆ ಅದು ಮತ್ತೆ ಇ-ಮಾರ್ಕ್ ಕಡೆಗೆ ಹೋಗುತ್ತದೆ: ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 22ನೇ ರೆಗ್ಯುಲೇಷನ್. ಇದನ್ನು ಸುಮ್ನೆ ನೆನಪಿಟ್ಟುಕೊಳ್ಳಿ.

ಈ ಗುರುತಿನ ಬೇರು 1958ರ ಜಿನೀವಾ ಒಪ್ಪಂದದಲ್ಲಿದೆ. ಒಂದು ದೇಶ ಪರೀಕ್ಷಿಸಿ ಒಪ್ಪಿದ ಭಾಗವನ್ನು ಅದೇ ರೆಗ್ಯುಲೇಷನ್ ಪಾಲಿಸುವ ಉಳಿದ ದೇಶಗಳೂ ಒಪ್ಪುತ್ತವೆ. 1 ಅಂದರೆ ಜರ್ಮನಿ, 2 ಫ್ರಾನ್ಸ್, 3 ಇಟಲಿ, 4 ನೆದರ್ಲೆಂಡ್ಸ್. ಇದು ಒಪ್ಪಿಗೆ ಕೊಟ್ಟ ದೇಶದ ಅಂಕಿ, ಮಾಲು ತಯಾರಾದ ದೇಶದ್ದಲ್ಲ. ಒಪ್ಪಿಗೆ ಸಂಖ್ಯೆಯ ಮೊದಲ ಎರಡು ಅಂಕಿಗಳು ತಿದ್ದುಪಡಿಯ ಸರಣಿಯನ್ನು ಹೇಳುತ್ತವೆ. ಹೆಲ್ಮೆಟ್ ಮೇಲೆ 06 ಅಂತ ಶುರುವಾದರೆ ಅದು ಆರನೇ ಸರಣಿಯ ಪರೀಕ್ಷೆ ದಾಟಿದೆ.

ಬದಲಿ ಬ್ರೇಕ್ ಪ್ಯಾಡ್‌ಗೆ 90ನೇ ರೆಗ್ಯುಲೇಷನ್, ಬದಲಿ ಸೈಲೆನ್ಸರ್‌ಗೆ 92, ಟಯರ್‌ಗೆ 75. ಸಂಖ್ಯೆ ಬಾಯಿಪಾಠ ಮಾಡುವುದಕ್ಕಿಂತ ‘ಉತ್ಪಾದನೆಯ ಅನುಸರಣೆ’ ಅನ್ನುವ ಭಾಗಕ್ಕೆ ಜಾಸ್ತಿ ಸಮಯ ಕೊಡಿ. ಲ್ಯಾಬಿಗೆ ಕಳಿಸಿದ ನಾಲ್ಕು ಮಾದರಿ ಪಾಸಾದರೆ ಕೆಲಸ ಮುಗಿಯಲಿಲ್ಲ. ಕಾರ್ಖಾನೆಯಿಂದ ಹೊರಬರುವ ಪ್ರತಿ ಪೀಸೂ ಆ ಮಾದರಿಯಂತೆಯೇ ಇರುತ್ತದೆ ಅಂತ ತೋರಿಸಬೇಕು. ಜರ್ಮನಿಯ ಕೆಬಿಎ, ನೆದರ್ಲೆಂಡ್ಸ್‌ನ ಆರ್‌ಡಿಡಬ್ಲ್ಯೂನಂಥ ಪ್ರಾಧಿಕಾರಗಳು ಒಪ್ಪಿಗೆ ಕೊಡುವ ಮೊದಲೇ ಕಾರ್ಖಾನೆಯ ಗುಣಮಟ್ಟ ವ್ಯವಸ್ಥೆಯನ್ನು ನೋಡುತ್ತವೆ, ಆಮೇಲೂ ತಪಾಸಣೆ ಮಾಡುತ್ತವೆ. ಪ್ಯಾಡಿನ ಲೈನಿಂಗ್ ಮಿಶ್ರಣ ಬದಲಾಯಿತು ಅನ್ನಿ. ಹೊರಗಿನಿಂದ ನೋಡಿದರೆ ಅದೇ ಪ್ಯಾಡ್, ಅದೇ ಬಣ್ಣ. ಆದರೂ ಪ್ರಾಧಿಕಾರಕ್ಕೆ ತಿಳಿಸಲೇಬೇಕು, ಮತ್ತೆ ಪರೀಕ್ಷೆಯೂ ಬರಬಹುದು. ಖರೀದಿ ವಿಭಾಗದವರು ‘ಅಗ್ಗಕ್ಕೆ ಸಿಕ್ಕಿತು’ ಅಂತ ಕಚ್ಚಾವಸ್ತು ಬದಲಿಸಿದರೆ ಕೈಯಲ್ಲಿರುವ ಸರ್ಟಿಫಿಕೇಟ್ ಬೇರೆ ಯಾವುದೋ ಮಾಲಿನದ್ದಾಗುತ್ತದೆ.

ಇ-ಮಾರ್ಕ್ ಬೇಡದ ಭಾಗವಾದರೆ ಎಲ್ಲವೂ ಸಲೀಸು ಅಂದುಕೊಳ್ಳಬೇಡಿ. ಗ್ರಾಹಕರಿಗೆ ಮಾರುವ ವಸ್ತುಗಳಿಗೆ 2023/988 ಸಂಖ್ಯೆಯ ಸಾಮಾನ್ಯ ಸುರಕ್ಷತಾ ನಿಯಮ 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿದೆ. ಅಪಾಯದ ವಿಶ್ಲೇಷಣೆ ಬರೆದಿಡಬೇಕು. ಯುರೋಪಿಯನ್ ಒಕ್ಕೂಟದೊಳಗೆ ಹೊಣೆ ಹೊರುವವರೊಬ್ಬರು ಇರಬೇಕು, ಅವರ ಹೆಸರು ವಿಳಾಸ ಮಾಲಿನ ಜೊತೆ ಹೋಗಬೇಕು.

ರಾಸಾಯನಿಕಗಳ ರೀಚ್ ನಿಯಮ ಇವೆಲ್ಲದರ ಮೇಲೆ. ಪಟ್ಟಿಯಲ್ಲಿರುವ ಅಪಾಯಕಾರಿ ವಸ್ತು ತೂಕದಲ್ಲಿ ಶೇ. 0.1 ದಾಟಿದರೆ ಕೊಳ್ಳುವ ವ್ಯಾಪಾರಿಗೆ ತಿಳಿಸಬೇಕು. ಸೀಸ 2018ರಲ್ಲಿ ಈ ಪಟ್ಟಿಗೆ ಸೇರಿತು. ಇಡೀ ಜೋಡಣೆಯ ತೂಕಕ್ಕೆ ಹಂಚಿ ಲೆಕ್ಕ ತಗ್ಗಿಸೋಣ ಅಂದರೆ ಆಗದು. 2015ರಲ್ಲಿ ಯುರೋಪಿನ ನ್ಯಾಯಾಲಯ ಒಳಗಿನ ಒಂದೊಂದು ವಸ್ತುವಿಗೂ ಲೆಕ್ಕ ಬೇರೆ ಅಂತ ಹೇಳಿದೆ. ಅಂದರೆ ಕೇಬಲ್ ತುದಿಯ, ಸೀಸ ಬೆರೆತಿರಬಹುದಾದ ಪುಟ್ಟ ಹಿತ್ತಾಳೆ ತುಂಡನ್ನೂ ಬೇರೆಯಾಗಿಯೇ ತೂಗಬೇಕು.